ಗಾಜಿನ ತೊಟ್ಟಿಯಲ್ಲಿ ಬೆಟ್ಟದ ಹೊಳೆ

ಮನೆಯ ಹಾಲ್‌ನಲ್ಲಿ ಒಂದು ಮೀನಿನ ತೊಟ್ಟಿ ಇರಬೇಕೆಂಬ ಆಸೆ ಈಗ ನಮ್ಮ ನಿಲಕ್ಕೋಟ್ಟೈಯ ಕುಟುಂಬಗಳಲ್ಲೂ ಇದೆ. ಗೋಲ್ಡ್‌ಫಿಶ್, ಗಪ್ಪಿ ಸಾಕಿ ಬೇಸರವಾದವರು ನಮ್ಮದೇ ಬೆಟ್ಟಗಳ ತಣ್ಣನೆಯ ಹೊಳೆಯ ಮೀನನ್ನು ಸಾಕಲು ಬಯಸುತ್ತಾರೆ. “ನಮ್ಮ ನಾಡಿನ ಮೀನು ನಮ್ಮ ಮನೆಯಲ್ಲಿದ್ದರೆ ತಪ್ಪೇನು?” ಎಂದು ಅವರು ಕೇಳುವುದು ನ್ಯಾಯವೇ. ಆದರೆ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ.

ಧರ್ಮಸಭೆಯ ಬೋಧನೆ ಇಲ್ಲಿ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳನ್ನು ಕೆಲಸಕ್ಕಾಗಿ, ಮನಸ್ಸಂತೋಷಕ್ಕಾಗಿ ಸಾಕುವುದು ತಪ್ಪಲ್ಲ. ಅವುಗಳನ್ನು ಸುಮ್ಮನೆ ನರಳಿಸುವುದು, ಸಾಯಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಜೀವಕ್ಕೂ ನಮ್ಮ ಉಪಯೋಗವನ್ನು ಮೀರಿದ ಬೆಲೆಯಿದೆ ಎಂದು ನೆನಪಿಸಿದರು. ಹಾಗಾದರೆ ಸಾಕುವುದು ಎಲ್ಲಿಗೆ ಮುಗಿದು ನರಳಿಸುವುದು ಎಲ್ಲಿ ಶುರುವಾಗುತ್ತದೆ?

‘ಮಿಸ್ ಕೇರಳ’ ಎಂಬ ಮೀನಿನ ಕಥೆ ನೋಡಿ. ಬೆಳ್ಳಿಯ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರ ಕೆಳಗೊಂದು ಕಪ್ಪು ಗೆರೆ. ಪಶ್ಚಿಮ ಘಟ್ಟದ ವೇಗದ ಹೊಳೆಗಳಲ್ಲಿ, ನಮ್ಮ ಕಾಸರಗೋಡಿನ ಚಂದ್ರಗಿರಿಯಲ್ಲೂ, ಇದು ಗುಂಪಾಗಿ ಬದುಕುತ್ತದೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಲೋಕಕ್ಕೆ ಪರಿಚಯಿಸಿದರು. ಅಕ್ವೇರಿಯಂ ಪ್ರಿಯರ ಕಣ್ಣಿಗೆ ಬಿದ್ದದ್ದೇ ಹೊಳೆಗಳಿಂದ ಹಿಡಿದು ಸಾಗಿಸುವುದು ಹೆಚ್ಚಿತು. 2005ರಿಂದ 2012ರ ನಡುವೆ ಭಾರತದಿಂದ ಅಳಿವಿನಂಚಿನ 30 ಜಾತಿಗಳ ಸುಮಾರು 15 ಲಕ್ಷ ಸಿಹಿನೀರಿನ ಮೀನುಗಳು ಹೊರದೇಶಕ್ಕೆ ಹೋದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಈ ಕೆಂಪು ಗೆರೆಯ ಮೀನುಗಳೇ. ಕೇರಳ ಸರ್ಕಾರ 2008ರಲ್ಲಿ ಹಿಡಿಯುವುದಕ್ಕೆ ಮಿತಿ ಹಾಕಬೇಕಾಯಿತು. ಕೊಂಡವರಲ್ಲಿ ಯಾರೂ ದುಷ್ಟರಲ್ಲ. ಒಬ್ಬೊಬ್ಬರೂ ಕೊಂಡದ್ದು ಆರೋ ಎಂಟೋ ಮೀನು. ಪ್ರೀತಿಯಿಂದಲೇ ಕೊಂಡರು, ಹೊಳೆ ಬರಿದಾಗುತ್ತ ಬಂತು.

ಇನ್ನು ಮೀನಿನ ಕಡೆಯಿಂದ ಯೋಚಿಸೋಣ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು; 30 ಡಿಗ್ರಿಗೆ ಏರಿದರೆ ಏಳೂವರೆ ಮಾತ್ರ. ನೀರು ಬೆಚ್ಚಗಾದಷ್ಟೂ ಮೀನಿಗೆ ಬೇಕಾಗುವ ಉಸಿರು ಹೆಚ್ಚು, ಸಿಗುವುದು ಕಡಿಮೆ. ನಮ್ಮ ಊರಿನ ಏಪ್ರಿಲ್, ಮೇ ತಿಂಗಳ ಬಿಸಿಲು ಗೊತ್ತೇ ಇದೆ. ಬೆಟ್ಟದ ಹೊಳೆಯಲ್ಲಿ ಹುಟ್ಟಿದ ಜೀವಕ್ಕೆ, ಕರೆಂಟ್ ಹೋಗಿ ಪಂಪ್ ನಿಂತ ಮಧ್ಯಾಹ್ನದಲ್ಲಿ ಗಾಜಿನ ತೊಟ್ಟಿ ಎಂಥ ಜಾಗ? ನೋವಾದರೂ ಅದು ಕೂಗುವುದಿಲ್ಲ. ಅದಕ್ಕೇ ಇಲ್ಲಿ ನಮ್ಮ ಹೊಣೆ ಹೆಚ್ಚು.

ಇದಕ್ಕೆ ಎದುರು ಮಾತೂ ಇದೆ, ಅದು ಹಗುರವಾದದ್ದಲ್ಲ. ಕಣ್ಣಾರೆ ನೋಡದಿದ್ದನ್ನು ಯಾರೂ ಪ್ರೀತಿಸುವುದಿಲ್ಲ. ತೊಟ್ಟಿಯ ಮುಂದೆ ಕೂತ ಮಗು ಹೊಳೆಯ ಬಗ್ಗೆ ಕೇಳಲು ಕಲಿಯುತ್ತದೆ. ‘ಮಿಸ್ ಕೇರಳ’ವನ್ನು ಈಗ ತೊಟ್ಟಿಗಳಲ್ಲೇ ಮರಿ ಮಾಡಿಸುತ್ತಾರೆ; ಹಾಗೆ ಹುಟ್ಟಿದ ಮೀನನ್ನು ಕೊಂಡರೆ ಹೊಳೆಗೆ ನಷ್ಟವಿಲ್ಲ. ಮೀನು ಹಿಡಿದು ಬದುಕುವ ಬಡ ಕುಟುಂಬಗಳ ಮಾತೂ ಇದೆ. ಅವರ ತುತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಳೆಯ ಬಗ್ಗೆ ಮಾತ್ರ ಮರುಗುವುದು ಅರ್ಧ ನ್ಯಾಯ. ಆದರೆ ಹೊಳೆ ಬರಿದಾದ ದಿನ ಮೊದಲು ಹಸಿಯುವವರೂ ಅವರೇ.

ನಮಗೆ ಇನ್ನೂ ಹತ್ತಿರದ ಒಂದು ಮಾತು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ದಾಟಿ ಕಂಬಂ ಕಣಿವೆಗೆ ಇಳಿಯುತ್ತದೆ, ವೈಗೈ ಸೇರುತ್ತದೆ. ಆ ಪೆರಿಯಾರಿನ ಮೇಲ್ಭಾಗದ ನೀರನ್ನು ಬಿಟ್ಟು ಭೂಮಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಮೀನಿದೆ, ‘ಪೆರಿಯಾರ್ ಟ್ರೌಟ್’ ಎನ್ನುತ್ತಾರೆ. ಅದೇ ಕೆರೆಯಲ್ಲಿ ಮನುಷ್ಯರು ತಂದ ಜಿಲೇಬಿ ಮೀನು, ಕಾಮನ್ ಕಾರ್ಪ್ ಬೇರೂರಿ ಅದಕ್ಕೆ ಕಂಟಕವಾಗಿವೆ. ಸಾಕಿ ಸಾಕಾದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವ ಕರುಣೆಯೂ ಹೀಗೆಯೇ ಇನ್ನೊಂದು ಜೀವದ ಮನೆ ಕೆಡಿಸಬಲ್ಲದು.

ಹಾಗಾಗಿ ಆಸೆಪಟ್ಟವರು ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಈ ಮೀನು ಎಲ್ಲಿಂದ ಬಂತು, ಹೊಳೆಯಿಂದಲೋ ತೊಟ್ಟಿಯಿಂದಲೋ? ಈ ಜಾತಿಗೆ ಕಾನೂನಿನ ರಕ್ಷಣೆ ಇದೆಯೇ? ಬೇಸಿಗೆಯಲ್ಲಿ ಇದಕ್ಕೆ ತಂಪು, ಹರಿವು, ಜೊತೆಗಾರರನ್ನು ಕೊಡಬಲ್ಲೆನೇ? ಬೇಸರ ಬಂದಾಗ ಕೆರೆಗೆ ಬಿಡದೆ, ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸುವೆನೇ? ಇವಕ್ಕೆ ಪ್ರಾಮಾಣಿಕ ಉತ್ತರ ಇದ್ದವರು ಸಾಕಲಿ, ಅದರಲ್ಲಿ ದೋಷವಿಲ್ಲ. ಇಲ್ಲದವರು ರಜೆಯಲ್ಲಿ ಮಕ್ಕಳನ್ನು ಕುಂಬಕ್ಕರೈಗೋ ಸುರುಳಿಗೋ ಕರೆದುಕೊಂಡು ಹೋಗಲಿ. ಮೀನನ್ನು ಹಿಡಿಯದೆ, ಬಂಡೆಯ ಪಕ್ಕ ಸುಮ್ಮನೆ ಕೂತು ನೋಡಲಿ.

ಆದಿಕಾಂಡದಲ್ಲಿ ದೇವರ ಮೊದಲ ಆಶೀರ್ವಾದ ಸಿಕ್ಕಿದ್ದು ಮನುಷ್ಯನಿಗಲ್ಲ, ನೀರಿನ ಜೀವಗಳಿಗೆ ಮತ್ತು ಹಕ್ಕಿಗಳಿಗೆ. ತುಂಬಿಕೊಳ್ಳಿರಿ ಎಂದು ಅವುಗಳಿಗೆ ಅಪ್ಪಣೆಯಾದ ನೀರನ್ನು ಬರಿದು ಮಾಡದಿರುವುದು ನಮ್ಮ ಕೆಲಸ.