ಎಲ್ಲಿ ಸೈನ್ ಹಾಕ್ಬೇಕು ಹೇಳು

ಇಂಗ್ಲೆಂಡಿನಲ್ಲಿ ಮನೆಗಳಿಗೂ ಜಾತಕ ಇರುತ್ತದೆ. ಲ್ಯಾಂಡ್ ರಿಜಿಸ್ಟ್ರಿಗೆ ಕೆಲವು ಪೌಂಡ್ ಕಟ್ಟಿದರೆ ಯಾರು ಬೇಕಾದರೂ ಯಾರ ಮನೆಯದ್ದನ್ನಾದರೂ ತೆಗೆಸಿ ನೋಡಬಹುದು. ಅದರಲ್ಲಿ ಮೂರು ಭಾಗ. ಎ ಅಂದರೆ ಆಸ್ತಿ ಯಾವುದು, ಬಿ ಅಂದರೆ ಮಾಲೀಕ ಯಾರು, ಸಿ ಅಂದರೆ ಅದರ ಮೇಲೆ ಏನೇನು ಸಾಲ, ಭಾರ ಇದೆ ಅನ್ನುವುದು. ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಬಿ ಭಾಗದಲ್ಲಿ ನನ್ನ ಹೆಸರಿನ ಕೆಳಗೆ ಒಂದು ವಾಕ್ಯ ಇದೆ. ಕಾನೂನಿನ ಭಾಷೆ ಬಿಟ್ಟು ನಮ್ಮ ಭಾಷೆಯಲ್ಲಿ ಹೇಳಿದರೆ ಇಷ್ಟು: ಈ ಮನುಷ್ಯ ಒಬ್ಬನೇ ಸೈನ್ ಹಾಕಿ ಈ ಮನೆಯ ಮೇಲೆ ದುಡ್ಡು ಎಬ್ಬಿಸಿದರೆ, ಕೋರ್ಟ್ ಹೇಳದ ಹೊರತು ಅದನ್ನು ದಾಖಲೆ ಮಾಡಿಕೊಳ್ಳಬೇಡಿ. ಇದಕ್ಕೆ ಇಲ್ಲಿ ಫಾರ್ಮ್ ಎ ರಿಸ್ಟ್ರಿಕ್ಷನ್ ಅಂತಾರೆ.

ಅದು ಅಲ್ಲಿಗೆ ಬಂದದ್ದು ಹೀಗೆ. 2021ರಲ್ಲಿ ಮನೆ ತಗೊಂಡಾಗ ಹೆಂಡತಿಗೆ ಇಲ್ಲಿ ಕೆಲಸ ಇರಲಿಲ್ಲ, ಹಾಗಾಗಿ ಮನೆಯೂ ಸಾಲವೂ ನನ್ನೊಬ್ಬನ ಹೆಸರಲ್ಲಿ. ಮರುವರ್ಷ ದಾವಣಗೆರೆಯಲ್ಲಿ ಅವಳ ಅಪ್ಪ ಸೈಟು ಮಾರಿ ಅವಳ ಪಾಲು ಕಳಿಸಿದರು. ಅದು ಒಂದಿಷ್ಟು ಸಾಲಕ್ಕೆ, ಒಂದಿಷ್ಟು ಸೋರುವ ಚಾವಣಿಗೆ ಹೋಯಿತು. ಲೆಂಡರ್‌ಗೆ ತಿಳಿಸಿ, ಸಾಲಿಸಿಟರ್ ಹತ್ತಿರ ಒಂದು ಟ್ರಸ್ಟ್ ಪತ್ರ ಬರೆಸಿದೆವು. ಈ ಮನೆಯ ಬೆಲೆಯಲ್ಲಿ ನೂರಕ್ಕೆ 35 ಅವಳದ್ದು. ಒಬ್ಬನ ಹೆಸರಲ್ಲಿರುವ ಮನೆಯಲ್ಲಿ ಇನ್ನೊಬ್ಬರ ಪಾಲಿದ್ದರೆ ಈ ಸಾಲು ಹಾಕಿಸೋದು ಇಲ್ಲಿನ ಕ್ರಮ. ಹಾಕಿಸಿದೆವು, ಮರೆತೆವು.

2023ರಲ್ಲಿ ನೆನಪಾಯಿತು. ಇಲ್ಲಿ ನಮ್ಮ ಊರಿನ ಹಾಗೆ ಇಪ್ಪತ್ತು ವರ್ಷ ಒಂದೇ ಬ್ಯಾಂಕಿಗೆ ಕಟ್ಟುತ್ತಾ ಕೂರೋದಲ್ಲ. ಎರಡೋ ಐದೋ ವರ್ಷಕ್ಕೆ ಬಡ್ಡಿ ಫಿಕ್ಸ್ ಮಾಡ್ತಾರೆ, ಅದು ಮುಗಿದ ಕೂಡಲೇ ಕಡಿಮೆ ಬಡ್ಡಿ ಕೊಡುವವರನ್ನು ಹುಡುಕಿ ಸಾಲ ಅಲ್ಲಿಗೆ ಸಾಗಿಸಬೇಕು. ನಾವು ಮನೆ ತಗೊಂಡಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.1 ಪರ್ಸೆಂಟ್ ಇತ್ತು. 2023ರ ಆಗಸ್ಟಿಗೆ 5.25. ಆ ವರ್ಷ ಫಿಕ್ಸ್ ಮುಗಿದವರ ಮನೆಗಳಲ್ಲಿ ಏನೇನು ಲೆಕ್ಕಾಚಾರ ನಡೆದಿರಬಹುದು, ನೀವೇ ಊಹಿಸಿ. ನಮ್ಮ ಮನೆಯಲ್ಲಂತೂ ಎಕ್ಸೆಲ್ ಶೀಟು ಮುಚ್ಚಿದ ದಿನವೇ ಇಲ್ಲ.

ಬೇರೆ ಲೆಂಡರ್ ಒಬ್ಬರು ತಿಂಗಳಿಗೆ ಸುಮಾರು 90 ಪೌಂಡ್ ಉಳಿಯುವ ದರ ಹೇಳಿದರು. ಆದರೆ ಹೊಸ ಲೆಂಡರ್ ಅಂದರೆ ಹೊಸ ಅಡಮಾನ. ಒಬ್ಬನ ಸೈನಿನ ಹೊಸ ಅಡಮಾನವನ್ನು ಆ ಸಾಲು ರಿಜಿಸ್ಟರ್ ಆಗೋಕೆ ಬಿಡಲ್ಲ. ಬ್ರೋಕರ್ ಸುಲಭದ ದಾರಿ ತೋರಿಸಿದ. ನಿಮ್ಮ ಹೆಂಡತಿ ಪಾಲು ಬಿಟ್ಟುಕೊಟ್ಟು ಟ್ರಸ್ಟ್ ಮುಗೀತು ಅಂತ ಬರೆದುಕೊಡಲಿ, ಸಾಲು ಅಳಿಸಿಹೋಗುತ್ತೆ, ಆಮೇಲೆ ನಿಮ್ಮ ನಿಮ್ಮಲ್ಲಿ ಏನು ಬೇಕಾದರೂ ಮಾಡ್ಕೊಳ್ಳಿ ಅಂದ. ರಾತ್ರಿ ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ. ತಟ್ಟೆಯಿಂದ ತಲೆ ಕೂಡ ಎತ್ತದೆ, "ಎಲ್ಲಿ ಸೈನ್ ಹಾಕ್ಬೇಕು ಹೇಳು" ಅಂದಳು.

ಬೇಡ ಅಂದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ಆ ತಯಾರಿ. ಒಬ್ಬರು ಓದದೇ, ಕೇಳದೇ, ಪ್ರೀತಿಯಿಂದ ಒಪ್ಪಿದರೆ ಅದು ಒಪ್ಪಿಗೆಯಾ? ಅಂಥ ಒಪ್ಪಿಗೆಯನ್ನು ತಗೊಳ್ಳುವ ಹಕ್ಕು ನನಗೆ ಇದೆಯಾ?

ಈ ಮಾತು ನನಗೆ ಹೊಸದಲ್ಲ. ನಾನು ಸಾಗರದ ಕಡೆಯ ಹಳ್ಳಿಯವನು. 1994ರಲ್ಲಿ ಕರ್ನಾಟಕದ ಕಾನೂನು, 2005ರಲ್ಲಿ ಇಡೀ ದೇಶದ ಕಾನೂನು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಹೇಳಿದವು. ಅದರ ಜೊತೆಗೇ ನಮ್ಮ ಕಡೆ ಹಕ್ಕು ಬಿಡುಗಡೆ ಪತ್ರ ಅನ್ನುವ ಮಾತು ಮನೆಮಾತಾಯಿತು. ತೋಟದ ಮೇಲೆ ಸಾಲ ಎತ್ತಬೇಕಾ, ಬ್ಯಾಂಕಿನವರು ಅಕ್ಕತಂಗಿಯರ ಸೈನ್ ಕೇಳ್ತಾರೆ. ನನ್ನ ಅತ್ತೆಯರು, ಅಂದರೆ ಅಪ್ಪನ ತಂಗಿಯರು, ಒಂದೇ ಕಾರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದದ್ದು ನನಗೆ ನೆನಪಿದೆ. ಹೋಳಿಗೆ ಊಟ ಆಯ್ತು, ಸೀರೆ ಕೊಟ್ಟರು. ಯಾರೂ ಜಬರ್ದಸ್ತಿ ಮಾಡಲಿಲ್ಲ, ಎಲ್ಲರೂ ನಗ್ತಾನೇ ಇದ್ದರು. ಆದರೆ ಪತ್ರದಲ್ಲಿ ಏನಿದೆ ಅಂತ ಯಾರೂ ಅವರಿಗೆ ಓದಿ ಹೇಳಲಿಲ್ಲ. ಅವರೂ ಕೇಳಲಿಲ್ಲ, ಯಾಕಂದರೆ ಕೇಳಿದರೆ ಹಬ್ಬಕ್ಕೆ ತವರಿಗೆ ಬರುವ ದಾರಿ ಕಿರಿದಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಪಹಣಿಯ 11ನೇ ಕಾಲಂಗೆ "ಇತರ ಹಕ್ಕುಗಳು ಮತ್ತು ಋಣಗಳು" ಅಂತ ಹೆಸರು. ನಮ್ಮ ಭಾಷೆ ಅಡಮಾನದ ಸಾಲಕ್ಕೂ ಜನ್ಮದ ಋಣಕ್ಕೂ ಒಂದೇ ಪದ ಇಟ್ಟಿದೆ. ಆ ಕಾಲಂ ಖಾಲಿ ಇದ್ದಷ್ಟೂ ಬ್ಯಾಂಕಿಗೆ ಖುಷಿ.

ಇಲ್ಲಿನ ಕೋರ್ಟುಗಳಿಗೂ ಈ ತಲೆನೋವು ಬಂದಿದೆ. ಬೋಲ್ಯಾಂಡ್ ಅನ್ನುವವನ ಮನೆ ಅವನೊಬ್ಬನ ಹೆಸರಲ್ಲಿತ್ತು, ಹೆಂಡತಿಯ ದುಡ್ಡೂ ಅದರಲ್ಲಿತ್ತು. ಅವನು ವ್ಯಾಪಾರದ ಸಾಲಕ್ಕೆ ಅವಳಿಗೆ ಹೇಳದೆ ಮನೆ ಅಡವಿಟ್ಟ, ಸಾಲ ತೀರಿಸಲಿಲ್ಲ, ಬ್ಯಾಂಕ್ ಮನೆ ಕೇಳಿತು. ಹೆಂಡತಿ ಮನೆಯಲ್ಲಿ ಇರೋದು ಗಂಡನ ನೆರಳಾಗಿ ಅಷ್ಟೇ ಅನ್ನುವ ಹಳೇ ವಾದವನ್ನು 1980ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ಅವಳು ಅಲ್ಲಿ ವಾಸ ಇದ್ದಾಳೆ, ಅವಳ ಪಾಲಿದೆ, ಬ್ಯಾಂಕು ಅವಳನ್ನು ಕೇಳಬೇಕಿತ್ತು ಅಂದಿತು. ಬ್ಯಾಂಕುಗಳು ಇದರಿಂದ ಕಲಿತದ್ದು ಏನು ಗೊತ್ತಾ? ಮನೆಯಲ್ಲಿರುವ ಎಲ್ಲ ವಯಸ್ಕರ ಹತ್ತಿರ ಮೊದಲೇ ಒಂದು ಒಪ್ಪಿಗೆ ಫಾರ್ಮಿಗೆ ಸೈನ್ ಹಾಕಿಸಿಕೊಳ್ಳೋದು. ಅಲ್ಲಿಗೆ ಕಥೆ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಬಂದು ನಿಂತಿತು.

2001ರಲ್ಲಿ ಎಟ್ರಿಜ್ ಅನ್ನುವ ಇನ್ನೊಂದು ತೀರ್ಪು ಬಂತು. ಗಂಡನ ಸಾಲಕ್ಕೆ ಹೆಂಡತಿ ಮನೆಯನ್ನು ಜಾಮೀನು ಕೊಡುವುದಾದರೆ, ಸಾಲಿಸಿಟರ್ ಅವಳನ್ನು ಮುಖಾಮುಖಿ ಕೂರಿಸಿಕೊಂಡು ಮಾತಾಡಬೇಕು, ಗಂಡ ಆ ರೂಮಿನಲ್ಲಿ ಇರಬಾರದು ಅಂತ. ಗಂಡ ಕೆಟ್ಟವನು ಅಂತಲ್ಲ. ಅವನು ಎದುರಿಗೆ ಕೂತಿದ್ದರೆ ಅವಳು ಪೇಪರ್ ಬದಲು ಅವನ ಮುಖ ಓದ್ತಾಳೆ. ಮನುಷ್ಯರ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾನೂನನ್ನು ನಾನು ಬೇರೆ ಕಂಡಿಲ್ಲ.

ಗೆಳೆಯರಿಗೆ ಹೇಳಿದಾಗ ಒಬ್ಬ ನಕ್ಕ. "ಗಂಡಹೆಂಡ್ತಿ ಮಧ್ಯೆ ರಿಸ್ಟ್ರಿಕ್ಷನ್ನಾ? ನಂಬಿಕೆ ಇಲ್ವೇನೋ?" ಇದೇ ಪುಣ್ಯಾತ್ಮ ಆಫೀಸಲ್ಲಿ ಮೇನ್ ಬ್ರ್ಯಾಂಚಿಗೆ ಪ್ರೊಟೆಕ್ಷನ್ ಹಾಕದ ಟೀಮಿಗೆ ಬೈತಾನೆ! ಎಷ್ಟೇ ಸೀನಿಯರ್ ಆಗಿರಲಿ, ಇನ್ನೊಬ್ಬರು ನೋಡಿ ಒಪ್ಪದೆ ಕೋಡ್ ಒಳಗೆ ಹೋಗಬಾರದು. ಅದರಲ್ಲಿ ಯಾರಿಗೂ ಅವಮಾನ ಕಾಣಲ್ಲ. ರಾತ್ರಿ ಎರಡು ಗಂಟೆಗೆ, ಒತ್ತಡದಲ್ಲಿರುವ ನಾನು ನಂಬಬಹುದಾದ ಮನುಷ್ಯ ಅಲ್ಲ ಅಂತ ಹಗಲಿನ ನಾನೇ ಒಪ್ಪಿ ಹಾಕಿಕೊಂಡ ಕಟ್ಟು ಅದು. ಮನೆ ವಿಷಯದಲ್ಲೂ ನನ್ನ ನಿಲುವು ಅದೇ. ಇವತ್ತಿನ ನಾನು ಅವಳ ಪಾಲು ಮುಟ್ಟಲ್ಲ. ಕೆಲಸ ಹೋಗಿ ಆರು ತಿಂಗಳಾದ ನಾನು, ಸ್ಟಾರ್ಟಪ್ ಹುಚ್ಚು ಹಿಡಿದ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ. ಕೇಳಿದ ಕೂಡಲೇ ಸೈನ್ ಹಾಕುವವರಿಗೇ ಆ ಸಾಲಿನ ಅಗತ್ಯ ಹೆಚ್ಚು. ಜಗಳ ಮಾಡುವವರು ಹೇಗೋ ತಮ್ಮದು ಉಳಿಸಿಕೊಳ್ತಾರೆ.

ಹಾಗಂತ ಆ ಸಾಲು ದೇವರ ರಕ್ಷೆಯೂ ಅಲ್ಲ. ಮಾಲೀಕರಾಗಿ ಇಬ್ಬರ ಹೆಸರಿದ್ದು, ದುಡ್ಡು ಇಬ್ಬರ ಕೈಗೂ ಬಂದರೆ ಅದರ ಷರತ್ತು ಪೂರೈಸಿದ ಹಾಗೆಯೇ. ಫ್ಲೆಗ್ ಅನ್ನುವ ದಂಪತಿಯ ಕೇಸು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತಮ್ಮ ಮನೆ ಮಾರಿ, ಮಗಳು ಅಳಿಯನ ಹೆಸರಲ್ಲಿ ತಗೊಂಡ ಮನೆಗೆ ಅರ್ಧಕ್ಕಿಂತ ಹೆಚ್ಚು ದುಡ್ಡು ಹಾಕಿ ಅಲ್ಲೇ ವಾಸಕ್ಕೆ ಬಂದವರು. ಮಗಳು ಅಳಿಯ ಇವರಿಗೆ ಹೇಳದೆ ಮನೆ ಅಡವಿಟ್ಟರು. 1987ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು, ದುಡ್ಡು ಇಬ್ಬರು ಟ್ರಸ್ಟಿಗಳಿಗೆ ಹೋಗಿದೆ, ಆದ್ದರಿಂದ ಅಪ್ಪ ಅಮ್ಮನ ಹಕ್ಕು ಮನೆಯ ಮೇಲಿಲ್ಲ, ಆ ದುಡ್ಡಿನ ಮೇಲೆ. ದುಡ್ಡೋ, ಖರ್ಚಾಗಿಹೋಗಿತ್ತು. ಊರಲ್ಲಿ ಎರಡೆಕರೆ ಮಾರಿ ಬೆಂಗಳೂರಲ್ಲಿ ಮಗನ ಫ್ಲ್ಯಾಟಿಗೆ ಹಾಕಿದ ಅಪ್ಪ ಅಮ್ಮಂದಿರು ನಿಮಗೂ ಗೊತ್ತಿರಬಹುದು. ಯಾವ ದಾಖಲೆಯಲ್ಲೂ ಅವರ ಹೆಸರಿರಲ್ಲ.

ನಾನು ಇವಳಿಗೆ ಹೇಳಿದ್ದು ಒಂದೇ. ಸೈನ್ ಹಾಕೋದಾದರೆ ಹಾಕು, ಆದರೆ ಮೊದಲು ಬೇರೆ ಸಾಲಿಸಿಟರ್ ಹತ್ತಿರ ಒಬ್ಬಳೇ ಹೋಗಿ ಬಾ. ಫೀಸು ಜಾಸ್ತಿ ಅಂತ ಗೊಣಗಿದಳು. ಹೋಗಿ ಮುಕ್ಕಾಲು ಗಂಟೆ ಕೂತು ಬಂದಳು. ಒಳಗೆ ಏನು ಮಾತಾಯಿತು ಅಂತ ಪೂರ್ತಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ, "ಸೈನ್ ಹಾಕಲ್ಲ ಕಣೋ" ಅಂದಳು, ಸ್ವಲ್ಪ ಸಂಕೋಚದಿಂದಲೇ. ನನಗೆ ಒಂದು ಕ್ಷಣ ಚುರುಕ್ ಅಂದದ್ದು ನಿಜ. ತೊಂಬತ್ತು ಪೌಂಡಿಗೋ, ಇನ್ನೇನಕ್ಕೋ.

ಹಳೇ ಲೆಂಡರ್ ಹತ್ತಿರಾನೇ ದರ ಬದಲಿಸಿಕೊಂಡೆವು. ಹೊಸ ಅಡಮಾನ ಇಲ್ಲ, ಆ ಸಾಲಿನ ತಂಟೆಯೂ ಇಲ್ಲ. ಎರಡು ವರ್ಷಕ್ಕೆ 2,160 ಪೌಂಡ್ ಹೆಚ್ಚು. ಮುಂದಿನ ಸಲದ ಹೊತ್ತಿಗೆ ಅವಳ ಹೆಸರನ್ನೂ ಮನೆಗೆ ಸೇರಿಸೋಣ ಅಂದೆ, ಈಗ ಅವಳಿಗೂ ಕೆಲಸ ಇದೆ. ಹೆಸರು ಬಂದರೆ ಸಾಲವೂ ಬರುತ್ತೆ, ಅರ್ಧ ಅಲ್ಲ, ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ ಅಂತ ಆ ಸಾಲಿಸಿಟರ್ ಆಗಲೇ ಅವಳಿಗೆ ಹೇಳಿದ್ದಾರಂತೆ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ. ನಿನ್ನ ಕೆಲಸ ಹೋಗಿ ನಾನೊಬ್ಬಳೇ ಕಂತು ಕಟ್ಟಿದರೆ ನನ್ನ 35 ಎಷ್ಟಾಗುತ್ತೆ ಅಂತ ಅದರಲ್ಲಿ ಬರೆದಿದೆ. ಇನ್ನೂ ಉತ್ತರ ಬರೆದಿಲ್ಲ ನಾನು.