ಬಿದ್ದವರನ್ನು ಮುಟ್ಟುವ ಕೈ

ಸಂತೆಯ ನಡುವೆ ಒಬ್ಬ ಬೀಳುತ್ತಾನೆ. ಕೈಕಾಲು ಸೆಟೆದು ಬಡಿಯುತ್ತವೆ, ಬಾಯಲ್ಲಿ ನೊರೆ. ಸುತ್ತ ಜನ ಸೇರುತ್ತಾರೆ, ಮುಟ್ಟುವವರಿಲ್ಲ. 'ಮುಟ್ಟಬ್ಯಾಡ್ರೋ, ಅಂಟ್ಕೊಳ್ತದೆ' ಅಂತಾರೆ. ಒಬ್ಬರು ಕೈಗೆ ಬೀಗದ ಕೈ ತುರುಕುತ್ತಾರೆ. ಇನ್ನೊಬ್ಬರು ಚಪ್ಪಲಿ ಕಳಚಿ ಮೂಗಿಗೆ ಹಿಡಿಯುತ್ತಾರೆ. ಚಪ್ಪಲಿ ಹೊಲಿದವನನ್ನು ಜಗಲಿ ಹತ್ತಿಸದ ಊರು, ಅವನು ಹೊಲಿದ ತೊಗಲನ್ನು ಮಾತ್ರ ಔಷಧಿ ಅನ್ನುತ್ತದೆ!

ಮುಟ್ಟಿಸಿಕೊಳ್ಳದೆ ಬದುಕೋದು ಅಂದರೇನು ಅಂತ ಹುಟ್ಟಿನಿಂದ ಬಲ್ಲವರು ನಾವು. ಅದಕ್ಕೇ ಕೇಳ್ತೀವಿ: ಬಿದ್ದ ಮನುಷ್ಯನನ್ನು ಮುಟ್ಟದಿರೋದು ಬರೀ ಅಜ್ಞಾನವೋ, ಅನ್ಯಾಯವೋ?

ಮೂರ್ಛೆರೋಗ ಶಾಪವಲ್ಲ, ದೆವ್ವವಲ್ಲ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ತು ಅಂಕೆ ಮೀರಿದಾಗ ಬರುವ ಕಾಯಿಲೆ. ಅಂಟುವುದಿಲ್ಲ. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಟವೆಲ್ಲು ಮಡಚಿಡಿ. ಬಾಯಿಗೆ ಏನೂ ತುರುಕಬೇಡಿ, ಕೈಕಾಲು ಅದುಮಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿ. ಎಚ್ಚರಾಗುವ ತನಕ ಪಕ್ಕದಲ್ಲೇ ಕೂತ್ಕೊಳ್ಳಿ. ಇಷ್ಟೇ.

ಇಷ್ಟು ಸರಳವಾದದ್ದು ಯಾಕೆ ಆಗೋದಿಲ್ಲ? ನಟರಾಜನ ಕಾಲಡಿ ತುಳಿಸಿಕೊಂಡ ಕುಳ್ಳನ ಹೆಸರು ಅಪಸ್ಮಾರ; ರೋಗಕ್ಕೂ ಅದೇ ಹೆಸರು. ತುಳಿಯುವ ಪಾದಕ್ಕೆ ಹೂವಿಡುವವರಿಗೆ ಕೆಳಗಿನವನ ಮುಖ ಕಂಡೀತೆ? ಕಾನೂನೂ ಕಮ್ಮಿಯಿರಲಿಲ್ಲ. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಕಾಯಿಲೆಯನ್ನು ಹುಚ್ಚಿನ ಪಕ್ಕದಲ್ಲಿ ಕೂರಿಸಿ, ಮದುವೆ ರದ್ದಿಗೆ ಕಾರಣ ಮಾಡಿತ್ತು. 1999ರಲ್ಲಿ ಅದನ್ನು ತೆಗೆದರು. ಕಾಗದದಿಂದ ಹೋಯಿತು, ಹೆಣ್ಣು ನೋಡೋಕೆ ಬಂದವರ ಬಾಯಿಂದ ಹೋಗಿಲ್ಲ.

ಇನ್ನು ಹಣದ ಮಾತು. ಸಂಶೋಧನೆಗೆ ಕೊಡಿ ಅಂದರೆ ದಾನ ಅಂದ್ಕೋತಾರೆ. ದಾನ ಅಲ್ಲ ಕಣ್ರೀ, ಸಾಲ ತೀರಿಸೋದು. 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಬೆಂಗಳೂರು ನಗರದ ಸಾವಿರ ಜನಕ್ಕೆ 5.7 ಮಂದಿಗೆ, ಹಳ್ಳಿಗಳಲ್ಲಿ 11.9 ಮಂದಿಗೆ ಈ ಕಾಯಿಲೆ ಕಂಡಿತು. ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ರೋಗವನ್ನು ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ತೋರಿಸಿದ್ದು ಯಳಂದೂರಿನಲ್ಲಿ. 2001ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ತಲೆಗೆ ಬಿಸಿನೀರು ಸುರಿದಾಗ ಬರುವ ಫಿಟ್ಸಿನ ಬಗ್ಗೆ ಜಗತ್ತಿಗೆ ಪಾಠ ಹೇಳಿದ್ದರಲ್ಲಿ ನಮ್ಮ ಸೀಮೆಯ ಬಚ್ಚಲುಗಳ ಪಾಲು ದೊಡ್ಡದು. ವಿಜ್ಞಾನಕ್ಕೆ ತಲೆಕೊಟ್ಟವರು ಹಳ್ಳಿಯ ಜನ. ಅವರ ಪಾಲಿನ ಮಾತ್ರೆ ಎಲ್ಲಿ?

ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಪಕ್ಕ, ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರಲ್ಲಿ, ನ್ಯಾಮತಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರದ ಮುಂದೆ ಒಂದು ನಿಮಿಷ ಎಚ್ಚರ ತಪ್ಪಿದರೂ ಜೀವ ಹೋಗಬಹುದು. ಬರದ ಜಗಳೂರಿನ ಕೂಲಿಯಾಳು ಮಾತ್ರೆಗಾಗಿ ದಾವಣಗೆರೆ ಬಸ್ಸು ಹತ್ತಿದರೆ ಆ ದಿನದ ಕೂಲಿ ಹೋಯ್ತು. ಹತ್ತದಿದ್ದರೆ ಮಾತ್ರೆ ತಪ್ಪಿತು, ಫಿಟ್ಸು ಮರಳಿತು. ಹಸಿವಿಗೂ ಮೂರ್ಛೆಗೂ ನಡುವೆ ಆರಿಸಿಕೋ ಅನ್ನೋದು ಯಾವ ನ್ಯಾಯ?

ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 70 ಮಂದಿಗೆ ಊರಿನ ಆರೋಗ್ಯ ಕೇಂದ್ರದಲ್ಲೇ, ತಿಂಗಳು ತಪ್ಪದೆ ಮಾತ್ರೆ ಬೇಕು. ಮಾತ್ರೆಗೆ ಬಗ್ಗದ ಉಳಿದವರಿಗಾಗಿ ಸಂಶೋಧನೆ ಬೇಕು. ತೇರಿಗೆ ಚಂದಾ ಎತ್ತುವ ಕೈಗಳು ಇದಕ್ಕೂ ಎತ್ತಲಿ. ಆದರೆ ಚಂದಾ ಬಂತೆಂದು ಸರ್ಕಾರದ ಬೊಕ್ಕಸ ಕೈ ತೊಳೆದುಕೊಳ್ಳುವಂತಿಲ್ಲ. ನಾವು ಕೇಳ್ತಿರೋದು ಕರುಣೆಯಲ್ಲ, ಬಾಕಿ.