ಏನಾದ್ರೂ ಕಾಣ್ತಾ?

ಎಕ್ಸ್-ರೇ ತೆಗೆಸಿಕೊಂಡವರು ಮೇಜಿನಿಂದ ಇಳಿಯುತ್ತ, ಕಳಚಿಟ್ಟ ಸರ ಬಳೆಗಳಿಗಾಗಿ ತಡಕಾಡುತ್ತ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಏನಾದ್ರೂ ಕಾಣ್ತಾ?" ಕೆಲವರು ಬಾಯಿಬಿಟ್ಟು ಕೇಳುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಕಂಪ್ಯೂಟರ್ ಪರದೆಯನ್ನು ಅವರಿಗೆ ಕಾಣದ ಹಾಗೆ ತಿರುಗಿಸಿಡಬಹುದು, ಮುಖವನ್ನು ಹಾಗೆ ತಿರುಗಿಸಿಡಲು ಆಗುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸೇರಿದವರು ಯಂತ್ರ ನಡೆಸುವುದರ ಜೊತೆಗೆ ಮುಖದಲ್ಲಿ ಏನನ್ನೂ ತೋರಿಸದಿರುವುದನ್ನೂ ಕಲಿಯಬೇಕಾಗುತ್ತದೆ. ನಾನು ಓದಿದ ಡಿಪ್ಲೊಮಾ ಪುಸ್ತಕಗಳಲ್ಲಿ ಆ ಪಾಠ ಇರಲಿಲ್ಲ.

ನಿಯಮವೇನೋ ಸರಳ. ಚಿತ್ರ ತೆಗೆಯುವುದು ಟೆಕ್ನಿಷಿಯನ್ ಕೆಲಸ, ಓದಿ ಹೇಳುವುದು ಡಾಕ್ಟರ ಕೆಲಸ. ನಮ್ಮಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಚಿತ್ರ ಇಲ್ಲಿಂದ ಹೋಗಿ, ಯಾವುದೋ ಊರಲ್ಲಿ ಕೂತ ರೇಡಿಯಾಲಜಿಸ್ಟ್ ನೋಡಿ, ವರದಿ ತಿರುಗಿ ಬರುವುದೂ ಉಂಟು. ಆದರೆ ಮೊದಲು ಕಾಣುವವರು ನಾವೇ. ತಿಂಗಳಿಂದ ಕೆಮ್ಮುತ್ತಿರುವ ಹುಡುಗನ ಎದೆಯ ಮೇಲ್ಭಾಗದಲ್ಲಿ ಬಿಳಿ ಮಚ್ಚೆ ಕಂಡರೆ, ಕಫ ಪರೀಕ್ಷೆಗೆ ಮೊದಲೇ ನಮಗೊಂದು ಊಹೆ ಬಂದಿರುತ್ತದೆ. ಅದನ್ನು ಒಳಗಿಟ್ಟುಕೊಂಡೇ "ಅಂಗಿ ಹಾಕ್ಕೊಳಪ್ಪ, ಹೊರಗೆ ಕೂತಿರು, ಡಾಕ್ಟ್ರು ಹೇಳ್ತಾರೆ" ಅನ್ನಬೇಕು.

ಇದನ್ನು ಬರೀ ಮೇಲು-ಕೆಳಗಿನ ವಿಷಯ, ಡಾಕ್ಟರ ಹಕ್ಕನ್ನು ಕಾಯುವ ಏರ್ಪಾಡು ಎಂದು ನಮ್ಮವರು ಗೊಣಗುವುದಿದೆ. ಗೊಣಗಾಟದಲ್ಲಿ ಸತ್ಯವೂ ಇದೆ. ಆದರೆ ವರ್ಷಗಳು ಕಳೆದಂತೆ ನನಗೆ ಬೇರೆ ಕಾರಣವೊಂದು ಹೆಚ್ಚು ಗಟ್ಟಿ ಅನ್ನಿಸತೊಡಗಿದೆ. ಪರದೆಯ ಮೇಲಿನದನ್ನು ನಾವು ಕೇವಲ ಕಂಡಿರುವುದಿಲ್ಲ, ಅದನ್ನು ಮಾಡಿದವರೂ ನಾವೇ ಆಗಿರುತ್ತೇವೆ.

ಎದೆಯ ಎಕ್ಸ್-ರೇಯನ್ನೇ ನೋಡಿ. ರೋಗಿ ಪ್ಲೇಟಿಗೆ ಎದೆ ಒತ್ತಿ ನಿಲ್ಲಬೇಕು. ಗದ್ದ ಮೇಲೆ. ಕೈ ಸೊಂಟದ ಮೇಲಿಟ್ಟು ಮೊಣಕೈಗಳನ್ನು ಮುಂದಕ್ಕೆ ತಳ್ಳಬೇಕು. ಆಗ ಹೆಗಲಿನ ಹಿಂದಿನ ಅಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತವೆ. ಟ್ಯೂಬಿಗೂ ಪ್ಲೇಟಿಗೂ ನಡುವೆ 180 ಸೆಂಟಿಮೀಟರ್. ಆಮೇಲೆ "ಉಸಿರು ಜೋರಾಗಿ ಒಳಗೆ ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ." ಎಲ್ಲ ಕೆಡುವುದು ಇಲ್ಲೇ. ಕೆಲವರು ಉಸಿರಿನ ಬದಲು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುತ್ತಾರೆ. ಕಿವಿ ಮಂದವಾದ ಅಜ್ಜ "ಆಂ?" ಎಂದು ಪೂರ್ತಿ ನಮ್ಮ ಕಡೆಗೇ ತಿರುಗುತ್ತಾರೆ. ಹಿಂಬದಿಯ ಹತ್ತು ಪಕ್ಕೆಲುಬು ಎಣಿಸಲು ಸಿಕ್ಕರೆ ಉಸಿರು ತುಂಬಿದೆ ಎಂದು ಲೆಕ್ಕ. ಅರ್ಧ ಉಸಿರಿನಲ್ಲಿ ತೆಗೆದರೆ ಆರೋಗ್ಯವಂತನ ಶ್ವಾಸಕೋಶದ ಬುಡವೂ ಮಬ್ಬಾಗಿ, ಸೋಂಕು ತಗುಲಿದ ಹಾಗೆ ಕಾಣುತ್ತದೆ. ನಿಲ್ಲಲಾಗದವರಿಗೆ ಹಾಸಿಗೆಯಲ್ಲೇ ಮುಂದಿನಿಂದ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಅಲ್ಟ್ರಾಸೌಂಡಿನ ಕಥೆಯೂ ಇಷ್ಟೇ. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ಎಲ್ಲ ಅಂಗಕ್ಕೂ ಒಂದೇ ಅಳತೆ ಹಿಡಿದು, ತಿರುಗಿ ಬಂದ ಪ್ರತಿಧ್ವನಿಯಿಂದ ಆಳವನ್ನು ಲೆಕ್ಕ ಹಾಕುತ್ತದೆ. ಪಿತ್ತಕೋಶದ ಕಲ್ಲನ್ನು ಗುರುತಿಸುವಾಗ ಡಾಕ್ಟರು ಕಲ್ಲಿನಷ್ಟೇ ಗಮನವಿಟ್ಟು ನೋಡುವುದು ಅದರ ಹಿಂದೆ ಬಿದ್ದ ಕಪ್ಪು ನೆರಳನ್ನು, ಅಂದರೆ ಶಬ್ದ ಮುಟ್ಟದೇ ಹೋದ ಜಾಗವನ್ನು.

ಆದ್ದರಿಂದ "ಏನೂ ಕಾಣಲಿಲ್ಲ" ಅನ್ನುವುದು "ಏನೂ ಇಲ್ಲ" ಎಂದಾಗುವುದಿಲ್ಲ. ಹೆಬ್ಬೆರಳಿನ ಬುಡದ ಸ್ಕೆಫಾಯ್ಡ್ ಮೂಳೆ ಬಿರುಕು ಬಿಟ್ಟ ದಿನ ಚಿತ್ರದಲ್ಲಿ ಸಿಗದೆ, ಹತ್ತು ಹದಿನಾಲ್ಕು ದಿನ ಕಳೆದು ಮತ್ತೆ ತೆಗೆದಾಗ ಕಾಣಿಸಿಕೊಳ್ಳಬಹುದು. ಇಷ್ಟೆಲ್ಲ ಗೊತ್ತಿದ್ದೂ ನಾವು ಅಭ್ಯಾಸಬಲದಿಂದ ಒಂದು ಮಾತು ಆಡಿಬಿಡುತ್ತೇವೆ: "ಚೆನ್ನಾಗಿ ಬಂದಿದೆ, ಹೋಗಿ." ಚಿತ್ರ ಅಲುಗಿಲ್ಲ, ಇನ್ನೊಮ್ಮೆ ತೆಗೆಯುವುದು ಬೇಡ ಎಂದಷ್ಟೇ ನಮ್ಮ ಅರ್ಥ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮನೆಯವರಿಗೆ ಅದು "ಏನೂ ತೊಂದ್ರೆ ಇಲ್ವಂತೆ" ಎಂದು ತಲುಪಿರುತ್ತದೆ. ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಬಿಡಿಸುವುದು ಈ ಮಾತನ್ನು.

ಇನ್ನು ತಾಳಿಯ ಸಂಗತಿ. ಲೋಹ ಅಡ್ಡ ಬಂದರೆ ಅದರ ಹಿಂದಿನದು ಮರೆಯಾಗುತ್ತದೆ. ಕಿವಿಯೋಲೆ, ಬಳೆ, ತಾಯಿತಗಳನ್ನು ಬಿಚ್ಚಲು ಹೆಚ್ಚಿನವರು ಒಪ್ಪುತ್ತಾರೆ. ತಾಳಿ ಎಂದ ಕೂಡಲೆ ಕೈ ತಡೆಯುತ್ತದೆ. ಒತ್ತಾಯ ಮಾಡುವುದರಲ್ಲಿ ಅರ್ಥವಿಲ್ಲ, ಸಮಯವೂ ಇರುವುದಿಲ್ಲ. "ಎತ್ತಿ ಹಲ್ಲಲ್ಲಿ ಕಚ್ಕೊಳ್ಳಮ್ಮ" ಎಂದರೆ ಕೆಲಸ ಆಯಿತು. ಸರ ಎದೆಯ ಮೇಲಿಂದ ಹೋಗುತ್ತದೆ, ಕೊರಳಲ್ಲಿ ಉಳಿಯುತ್ತದೆ. ರಾಂಟ್ಜೆನ್ ಈ ಕಿರಣಗಳನ್ನು ಕಂಡುಕೊಂಡದ್ದು 1895ರ ನವೆಂಬರ್ 8ರಂದು. ಅದೇ ಡಿಸೆಂಬರ್ 22ರಂದು ಹೆಂಡತಿಯ ಕೈಯ ಚಿತ್ರ ತೆಗೆದಾಗ ಆಕೆಯ ಬೆರಳಿನ ಉಂಗುರವನ್ನು ಆತ ತೆಗೆಸಲಿಲ್ಲ. ಮೂಳೆಗಳ ನಡುವೆ ಕಪ್ಪಗೆ ತೇಲುವ ಆ ಉಂಗುರದಿಂದಲೇ ಆ ಚಿತ್ರ ಇವತ್ತಿಗೂ ನೆನಪಲ್ಲಿ ನಿಂತಿದೆ. ಇಂದು ಆಕೆ ನಮ್ಮ ರೂಮಿಗೆ ಬಂದಿದ್ದರೆ ಮೊದಲು ಅದನ್ನು ಬಿಚ್ಚಿಸಿಯೇ ಮುಂದಿನ ಮಾತು.

ಹಾಗಾದರೆ ಟೆಕ್ನಿಷಿಯನ್ ಬಾಯಿ ಮುಚ್ಚಿಕೊಂಡೇ ಇರಬೇಕೆ? ಇಲ್ಲ. ಕೆಲವೊಮ್ಮೆ ಬಾಯಿ ಬಿಡದಿರುವುದು ಸೋಮಾರಿತನ, ಇನ್ನು ಕೆಲವೊಮ್ಮೆ ಅದು ಅಪರಾಧ. ನಮ್ಮ ಮಲೆನಾಡಿನ ಕಡೆ ಅಡಕೆ ಕೊನೆ ಕೊಯ್ಯಲು ಮರ ಹತ್ತಿ ಬಿದ್ದವರು ಬರುತ್ತಾರೆ. ಕಾಲೂರಿ ಬಿದ್ದಿರುತ್ತಾರೆ, ಹಿಮ್ಮಡಿ ಊದಿರುತ್ತದೆ. ಚೀಟಿಯಲ್ಲಿ ಹಿಮ್ಮಡಿ ಎಕ್ಸ್-ರೇ ಎಂದಷ್ಟೇ ಇರುತ್ತದೆ. ಹಿಮ್ಮಡಿ ಮೂಳೆ ಪುಡಿಯಾಗುವಷ್ಟು ಜೋರಾಗಿ ಬಿದ್ದಾಗ ಅದೇ ಏಟು ಕಾಲಿನಲ್ಲಿ ಮೇಲೇರಿ ಸೊಂಟದ ಬೆನ್ನುಮೂಳೆಯನ್ನೂ ಕುಸಿಯುವಂತೆ ಮಾಡಿರಬಹುದು. ಕಾಲಿನ ನೋವಿನ ಮುಂದೆ ಆತನಿಗೆ ಬೆನ್ನಿನ ನೋವು ಗೊತ್ತೇ ಆಗಿರುವುದಿಲ್ಲ. ಆಗ ಆತನನ್ನು ಕೂರಿಸದೆ, ಏಳಿಸದೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಎರಡೂ ಹಿಮ್ಮಡಿ ಹೋಗಿದೆ. ಸೊಂಟದ್ದೂ ತೆಗೀಲಾ?" ಅನ್ನಬೇಕು. ಎದೆಯ ಚಿತ್ರದಲ್ಲಿ ಒಂದು ಶ್ವಾಸಕೋಶ ಕುಗ್ಗಿ ಸುತ್ತ ಗಾಳಿ ತುಂಬಿದ್ದು ಕಂಡರೆ ವರದಿಗಾಗಿ ಕಾಯುವ ಮಾತೇ ಇಲ್ಲ, ಓಡಬೇಕು. ರೋಗಿಗೆ ಹೇಳುವ ಹಾಗಿಲ್ಲ ಎಂಬುದು ಯಾರಿಗೂ ಹೇಳುವ ಹಾಗಿಲ್ಲ ಎಂದಾಗಿಬಿಟ್ಟರೆ ಆ ಮೌನಕ್ಕೆ ಶಿಸ್ತು ಎಂಬ ಹೆಸರು ಸಲ್ಲದು.

ಇಷ್ಟರ ತನಕ ದಾರಿ ಸ್ಪಷ್ಟವಾಗಿದೆ. ನನ್ನನ್ನು ಕಾಡುವುದು ಬೇರೆ ಒಂದು ಬಗೆಯ ಚಿತ್ರ.

ಬಚ್ಚಲಲ್ಲಿ ಜಾರಿ ಅಂಗೈ ಊರಿ ಬಿದ್ದವರಿಗೆ ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಕಡೆಯ ಮೂಳೆ. ಮೇಲಿಂದ ಬರುವ ಏಟಿಗೆ ಅಡ್ಡವಾಗಿ ಕೈ ಎತ್ತಿದವರಿಗೆ ಮುರಿಯುವುದು ಮುಂಗೈ ನಡುಭಾಗದಲ್ಲಿ, ಕಿರುಬೆರಳ ಕಡೆಯ ಮೂಳೆ ಒಂದೇ. ಪುಸ್ತಕಗಳಲ್ಲಿ ಇದಕ್ಕೆ ಪೊಲೀಸರ ಲಾಠಿಯ ಹೆಸರನ್ನೇ ಇಟ್ಟಿದ್ದಾರೆ: ನೈಟ್‌ಸ್ಟಿಕ್ ಫ್ರಾಕ್ಚರ್. "ಜಾರಿ ಬಿದ್ದೆ ಅಕ್ಕಾ" ಎನ್ನುವ ಹೆಂಗಸಿನ ಮುಂಗೈಯಲ್ಲಿ ಈ ಮುರಿತ ಕಾಣುತ್ತದೆ. ಚೀಟಿ ಹಿಡಿದ ಗಂಡ ಬಾಗಿಲ ಹೊರಗೆ ನಿಂತಿರುತ್ತಾನೆ. ಒಮ್ಮೊಮ್ಮೆ ಪಕ್ಕೆಲುಬಿನಲ್ಲಿ ಹಿಂದೆಂದೋ ಮುರಿದು ಕೂಡಿಕೊಂಡ ಗಂಟೂ ಇರುತ್ತದೆ. ಅದರ ಬಗ್ಗೆ ಯಾರೂ ಚೀಟಿ ಬರೆದಿರುವುದಿಲ್ಲ.

ಚಿತ್ರಕ್ಕೆ ಇಲ್ಲಿ ಎಷ್ಟು ಗೊತ್ತು? ಏಟು ಯಾವ ಕಡೆಯಿಂದ ಬಿತ್ತು ಎಂಬುದರ ಸುಳಿವಷ್ಟೇ. ಕಲ್ಲಿನ ಅಂಚಿಗೆ ಮುಂಗೈ ಬಡಿದರೂ ಹೀಗೇ ಮುರಿಯಬಹುದು. ಯಾರು, ಯಾಕೆ ಎಂಬುದು ಮೂಳೆಯಲ್ಲಿ ಬರೆದಿಲ್ಲ. ಅವಳು ಹೇಳದೇ ಇದ್ದದ್ದನ್ನು ಅವಳ ಮೈಯಿಂದಲೇ ಓದಿಕೊಂಡೆ ಎಂಬ ಮುಜುಗರವೂ ನನಗಿದೆ. ಹಾಗೆಂದು ಕಂಡೂ ಕಾಣದ ಹಾಗೆ ಇರುವುದು ಆಕೆಯ ಗುಟ್ಟಿಗೆ ತೋರಿದ ಗೌರವವಲ್ಲ. ಅದು ಗಂಡನಿಗೆ ಮಾಡಿದ ಉಪಕಾರ.

ಈ ಇಕ್ಕಟ್ಟಿನಿಂದ ಹೊರಬರುವ ದಾರಿ ನನಗೆ ಸಿಕ್ಕಿದ್ದು ಚಿತ್ರದಲ್ಲಿ ಅಲ್ಲ, ಕೋಣೆಯಲ್ಲಿ. ವಿಕಿರಣದ ನಿಯಮ ಇರುವುದರಿಂದ ಎಕ್ಸ್-ರೇ ರೂಮಿನೊಳಗೆ ರೋಗಿಯ ಜೊತೆಯವರನ್ನು ಬಿಡುವುದಿಲ್ಲ. ಸೀಸ ಹಾಕಿದ ಬಾಗಿಲು ಮುಚ್ಚುತ್ತದೆ, ಮೇಲೆ ಕೆಂಪು ದೀಪ ಹತ್ತುತ್ತದೆ. ಡಾಕ್ಟರ ಕೋಣೆಯಲ್ಲಿ, ಡ್ರೆಸ್ಸಿಂಗ್ ಮೇಜಿನ ಹತ್ತಿರ, ವಾರ್ಡಿನಲ್ಲಿ ಎಲ್ಲ ಕಡೆ ಜೊತೆಗಿದ್ದು ಅವಳ ಪರವಾಗಿ ತಾನೇ ಉತ್ತರ ಕೊಡುವ ಗಂಡ ಇಲ್ಲಿ ಮಾತ್ರ ಹೊರಗೆ ಉಳಿಯುತ್ತಾನೆ. ಕಿರಣಗಳಿಂದ ಜನರನ್ನು ಕಾಯಲು ಮಾಡಿದ ಕಟ್ಟುಪಾಡು ಅವಳಿಗೆ ಐದು ನಿಮಿಷದ ಏಕಾಂತ ಕೊಡುತ್ತದೆ. ಆ ಹೊತ್ತಿನಲ್ಲಿ ಕೈಯನ್ನು ಪ್ಲೇಟಿನ ಮೇಲೆ ಹೊಂದಿಸುತ್ತ, ಪರದೆಯಲ್ಲಿ ಕಂಡದ್ದರ ಸುದ್ದಿ ಎತ್ತದೆ, "ಮನೇಲಿ ಯಾರಾದ್ರೂ ಹೊಡೀತಾರೇನಮ್ಮ?" ಎಂದು ಕೇಳಬಹುದು. ಕೆಲವರು ಇಲ್ಲ ಎನ್ನುತ್ತಾರೆ. ಕೆಲವರು ಏನೂ ಅನ್ನುವುದಿಲ್ಲ. ಡಾಕ್ಟರಿಗೆ ಹೇಳಿದರೆ ಅವರು ಮೆಡಿಕೋಲೀಗಲ್ ಕೇಸ್ ಎಂದು ಬರೆದುಕೊಳ್ಳಬೇಕೋ ನೋಡುತ್ತಾರೆ. 181 ಸಹಾಯವಾಣಿ ಇದೆ, ಸಖಿ ಕೇಂದ್ರ ಇದೆ ಎಂದು ಅವಳಿಗೂ ತಿಳಿಸಬಹುದು. ಹೇಳುವುದೋ ಬಿಡುವುದೋ ಅವಳಿಗೆ ಸೇರಿದ್ದು. ಮೂಳೆಯ ಸಾಕ್ಷಿ ಹಿಡಿದು ಅವಳನ್ನು ಒಪ್ಪಿಸಲು ಹೋದರೆ ಹೊರಗೆ ನಿಂತವನಿಗೂ ನನಗೂ ಏನು ವ್ಯತ್ಯಾಸ?

ಪಕ್ಕದ ಸ್ಕ್ಯಾನಿಂಗ್ ರೂಮಿನಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಮೌನವನ್ನು ಕಾಯಿದೆಯೇ ಬರೆದಿದೆ. 1994ರ ಪಿಸಿಪಿಎನ್‌ಡಿಟಿ ಕಾಯಿದೆ ಜಾರಿಗೆ ಬಂದದ್ದು 1996ರಲ್ಲಿ. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ ತಿಳಿಸಕೂಡದು ಎನ್ನುತ್ತದೆ ಅದು. ಅಂದರೆ ಮುಖದ ಮೇಲಿನ ನಗುವೂ ಕಾಯಿದೆಯ ಹಿಡಿತಕ್ಕೆ ಬರುತ್ತದೆ. ಗರ್ಭಿಣಿಯ ಹೊಟ್ಟೆಯ ಮೇಲೆ ಪ್ರೋಬ್ ಇಡುವ ಅಧಿಕಾರ ನಿಗದಿತ ಅರ್ಹತೆಯ ಡಾಕ್ಟರಿಗೆ ಮಾತ್ರ. ನಮ್ಮ ಪಾಲಿಗೆ ಬರುವುದು ಜೆಲ್ ಹಚ್ಚಿ ಒರೆಸುವುದು, ಹೆಸರು ಕೂಗುವುದು, ಫಾರ್ಮ್ ಎಫ್ ತುಂಬಲು ನೆರವಾಗುವುದು. ಆ ಫಾರ್ಮಿನಲ್ಲಿ ಈಗಿರುವ ಮಕ್ಕಳೆಷ್ಟು, ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂದು ಕೇಳಿ ಬರೆಯಬೇಕು. ಕೊನೆಯಲ್ಲಿ ಮಗುವಿನ ಲಿಂಗ ತಿಳಿಯಲು ತಾನು ಬಯಸುವುದಿಲ್ಲ ಎಂಬ ಮಾತಿನ ಕೆಳಗೆ ಆಕೆ ಸಹಿ ಹಾಕಬೇಕು. ಎರಡು ಹೆಣ್ಣು ಎಂದು ಬರೆಸಿದವಳು ಆ ಸಹಿ ಹಾಕುವಾಗ ಹಿಂದೆ ನಿಂತ ಅತ್ತೆ ಮೇಲ್ಛಾವಣಿ ನೋಡುತ್ತಿರುತ್ತಾರೆ.

ನನ್ನ ಜೊತೆ ಓದಿದ ಮಂಗಳೂರಿನ ಕಡೆಯ ಗೆಳತಿ ಈಗ ಇಂಗ್ಲೆಂಡಿನಲ್ಲಿ ಸೋನೋಗ್ರಾಫರ್. ಅಲ್ಲಿ ಡಾಕ್ಟರಲ್ಲದ ಅವಳೇ ಪ್ರೋಬ್ ಹಿಡಿಯುತ್ತಾಳೆ, ವರದಿಯನ್ನೂ ಅವಳೇ ಬರೆಯುತ್ತಾಳೆ, ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಅಪ್ಪ-ಅಮ್ಮ ಕೇಳಿದರೆ ಗಂಡೋ ಹೆಣ್ಣೋ ಹೇಳುತ್ತಾಳೆ. "ನಿಮ್ಮ ಕೈ ಕಟ್ಟಿ ಹಾಕಿದಾರಲ್ಲೇ" ಎಂದು ಫೋನಿನಲ್ಲಿ ಮರುಗುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಇದ್ದ ಹೆಣ್ಣು 948. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿತ್ತು. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ಹೊಟ್ಟೆಯ ಚಿತ್ರ. ಯಂತ್ರ ಅದೇ, ಅದರ ಪರದೆ ತೋರಿಸುವುದೂ ಅದನ್ನೇ. ಅಲ್ಲಿ ಬಾಯಿ ಬಿಡುವುದಕ್ಕೆ ಬೆಲೆ ಕಟ್ಟಿದ್ದರು. ತಾನು ಕಂಡ ಸತ್ಯವನ್ನು ಹೇಳಿಬಿಡುವುದೇ ದೊಡ್ಡ ಗುಣ ಎಂದು ನಂಬಿದವರು ಈ ಆಲೆಮನೆಯನ್ನು ಒಮ್ಮೆ ನೆನೆಯಬೇಕು. ಅಲ್ಲಿ ಹೇಳಿದ್ದೆಲ್ಲ ನಿಜವೇ ಇದ್ದಿರಬಹುದು.

ಹೀಗೆ ಒಂದೇ ಕಾರಿಡಾರಿನ ಎರಡು ಬಾಗಿಲುಗಳ ನಡುವೆ ನಾನು ದಿನವಿಡೀ ಓಡಾಡುತ್ತೇನೆ. ಒಂದರಲ್ಲಿ ಕಂಡದ್ದನ್ನು ಹೇಗೆ ಕೇಳಲಿ ಎಂಬ ಯೋಚನೆ, ಇನ್ನೊಂದರಲ್ಲಿ ಕಂಡದ್ದು ಕಣ್ಣಲ್ಲೂ ಇಣುಕದಿರಲಿ ಎಂಬ ಎಚ್ಚರ. ಎರಡಕ್ಕೂ ಒಂದೇ ಸೂತ್ರ ಮಾಡಲು ನೋಡಿದೆ, ಆಗಲಿಲ್ಲ. ಈ ತಿಳಿವು ಯಾರ ಕೈ ಸೇರುತ್ತದೆ, ಅವರು ಅದರಿಂದ ಏನು ಮಾಡುತ್ತಾರೆ ಎಂದು ಪ್ರತಿ ಸಲವೂ ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ.

ಮೂಳೆಯ ಮೇಲೆ ಜನರಿಗಿರುವ ನಂಬಿಕೆ ಮಾತ್ರ ದೊಡ್ಡದು. ಆಗಾಗ ಪೊಲೀಸರು ವಯಸ್ಸಿನ ಎಕ್ಸ್-ರೇಗೆ ಹುಡುಗಿಯರನ್ನು ಕರೆತರುತ್ತಾರೆ; ಓಡಿಹೋದ ಪ್ರಕರಣ, ಬಾಲ್ಯವಿವಾಹದ ಪ್ರಕರಣ. ಮಣಿಕಟ್ಟು, ಮೊಣಕೈ, ಸೊಂಟದ ಚಿತ್ರ ತೆಗೆದು, ಬೆಳೆಯುವ ತುದಿಗಳು ಕೂಡಿಕೊಂಡಿವೆಯೇ ಎಂದು ಡಾಕ್ಟರು ನೋಡುತ್ತಾರೆ. ಅದರಲ್ಲೂ ಆಚೀಚೆ ಎರಡು ವರ್ಷ ಏರುಪೇರಾಗಬಹುದು. ಹದಿನೆಂಟು ತುಂಬಿದೆಯೇ ಎಂಬ ಪ್ರಶ್ನೆಗೆ ಹದಿನಾರರಿಂದ ಇಪ್ಪತ್ತರ ತನಕ ಹರಡಿಕೊಂಡ ಉತ್ತರ. 2015ರ ಬಾಲನ್ಯಾಯ ಕಾಯಿದೆ ಮೊದಲು ಶಾಲೆಯ ದಾಖಲೆ, ಇಲ್ಲವಾದರೆ ಜನನ ಪ್ರಮಾಣಪತ್ರ ನೋಡಿ, ಎರಡೂ ಇಲ್ಲದಿದ್ದರಷ್ಟೇ ಮೂಳೆಯ ಬಳಿ ಬನ್ನಿ ಎನ್ನುತ್ತದೆ. ಹಾಗಾಗಿ ಜೊತೆಗೆ ಬಂದ ಮಹಿಳಾ ಕಾನ್‌ಸ್ಟೆಬಲ್ ಹತ್ತಿರ ನಾನು ಕೇಳುವುದುಂಟು, "ಸ್ಕೂಲ್ ಸರ್ಟಿಫಿಕೇಟ್ ತರ್ಸಲಿಲ್ವಾ ಮೇಡಂ?"

"ತರ್ಸಿದೀವಿ ಕಣ್ರೀ. ಎರಡು ಸ್ಕೂಲಿಂದು, ಎರಡರಲ್ಲೂ ಬೇರೆ ಬೇರೆ ತಾರೀಕು. ಅದಕ್ಕೇ ನಿಮ್ ಹತ್ರ ಬಂದಿದ್ದು."